ಅಕ್ವೇರಿಯಂ ಮತ್ತು ಮೀನು ಒಂದೇ ದಿನ ತರಬೇಡಿ, ನಾನು ತಂದು ಹನ್ನೊಂದು ಮೀನು ಸಾಯಿಸಿದೆ

2024ರ ಜನವರಿ, ಮಗಳ ಹುಟ್ಟಿದ ಹಬ್ಬ. ಅವಳಿಗೆ ನಾಯಿಮರಿ ಬೇಕಿತ್ತು. ನಮ್ಮದು ಬಾಡಿಗೆ ಮನೆ, ಓನರ್ ನಾಯಿಗೆ ಒಪ್ಪುವುದಿಲ್ಲ. ಸರಿ, ಮೀನು ತರೋಣ, ಬೊಗಳಲ್ಲ, ಕಚ್ಚಲ್ಲ, ಬೆಳಿಗ್ಗೆ ವಾಕಿಂಗ್ ಕರೆದುಕೊಂಡು ಹೋಗುವ ಕೆಲಸವೂ ಇಲ್ಲ ಅಂದುಕೊಂಡು ಭಾನುವಾರ ಸಂಜೆ ಅಂಗಡಿಗೆ ಹೋದೆವು. ಯಾವ ಅಂಗಡಿ ಅಂತ ಕೇಳಬೇಡಿ. ಇಂಥವು ಬೆಂಗಳೂರಿನ ಪ್ರತಿ ಏರಿಯಾದಲ್ಲೂ ಒಂದೆರಡು ಇರುತ್ತವೆ.

ಅವರ ಹತ್ತಿರ ಕಾಂಬೋ ಇತ್ತು. ಎರಡಡಿ ಟ್ಯಾಂಕ್, ಮುಚ್ಚಳ, ಲೈಟು, ಒಳಗೆ ಅಂಟಿಸುವ ಫಿಲ್ಟರ್, ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ನಾಲ್ಕು ಗೋಲ್ಡ್‌ಫಿಶ್, ಎರಡು ಏಂಜಲ್ ಮೀನು, ಗಾಜಿಗೆ ಅಂಟಿಕೊಳ್ಳುವ ಸಕ್ಕರ್ ಮೀನು ಒಂದು, ಎರಡು ಸಣ್ಣ ಬಾಟಲಿ. ಒಂದರಲ್ಲಿ ಆ್ಯಂಟಿ ಕ್ಲೋರಿನ್, ಇನ್ನೊಂದರಲ್ಲಿ ನೀಲಿ ಔಷಧಿ. ನಾಲ್ಕೂವರೆ ಸಾವಿರ. ಚಳಿಗಾಲ ಸಾರ್, ಹೀಟರ್ ಬೇಕೇ ಬೇಕು ಅಂತ ಅದಕ್ಕೆ ಬೇರೆ ದುಡ್ಡು. "ನೀರು ತುಂಬಿಸಿ, ಐದು ಹನಿ ಹಾಕಿ, ಅರ್ಧ ಗಂಟೆ ಬಿಟ್ಟು ಮೀನು ಬಿಡಿ ಸಾರ್, ಅಷ್ಟೇ" ಅಂದರು.

ಅಷ್ಟೇ ಅಲ್ಲ. ಆ ಅರ್ಧ ಗಂಟೆಯ ಜಾಗದಲ್ಲಿ ಒಂದು ತಿಂಗಳು ಇರಬೇಕಿತ್ತು. ಅದೊಂದು ಮಾತು ಯಾರಾದರೂ ಹೇಳಿದ್ದರೆ ನಾನಿವತ್ತು ಇದನ್ನು ಬರೆಯುತ್ತಿರಲಿಲ್ಲ.

ಮೊದಲ ಎರಡು ದಿನ ಸ್ವರ್ಗ. ಮಗಳು ಗೋಲ್ಡ್‌ಫಿಶ್‌ಗಳಿಗೆ ಕೇಸರಿ, ಕಿತ್ತಳೆ, ಜಿಲೇಬಿ, ಪುಟ್ಟಿ ಅಂತ ಹೆಸರಿಟ್ಟಳು. ಕರೆಂಟ್ ಹೋದರೂ ಟಾರ್ಚ್ ಹಾಕಿಕೊಂಡು ನೋಡುತ್ತಿದ್ದಳು. ಅಮ್ಮ ಬಂದು ಹೋಗುವಾಗಲೆಲ್ಲ ಒಂದು ಚಿಟಿಕೆ ಮೀನಿನ ಕಾಳು ಹಾಕುತ್ತಿದ್ದರು, ಪಾಪ ಹಸಿದಿರುತ್ತೆ ಕಣೋ ಅಂತ. ಮೂರನೇ ದಿನ ಬೆಳಿಗ್ಗೆ ನೋಡಿದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು.

ಅಂಗಡಿಗೆ ಫೋನ್ ಮಾಡಿದೆ. ಪೂರ್ತಿ ನೀರು ತೆಗೆದು ಎಲ್ಲಾ ತೊಳೀರಿ ಸಾರ್ ಅಂದರು. ನಾನು ಕ್ಲೀನಿಂಗ್ ವಿಷಯದಲ್ಲಿ ಸ್ವಲ್ಪ ಜಾಸ್ತಿನೇ. ಮೀನುಗಳನ್ನು ಬಕೆಟ್‌ಗೆ ಹಾಕಿ, ಕಲ್ಲನ್ನೆಲ್ಲ ಬೋಗುಣಿಗೆ ಸುರಿದು, ವಿಮ್ ಹಾಕಿ ತಿಕ್ಕಿದೆ. ಫಿಲ್ಟರ್ ಒಳಗಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಹೊಸದರ ಹಾಗೆ ಆಗುವವರೆಗೂ ಹಿಂಡಿದೆ. ಹೀಟರ್ ಸ್ವಿಚ್ ಆಫ್ ಮಾಡುವುದು ಮರೆತಿದ್ದೆ, ನೀರು ಇಳಿಯುತ್ತಿದ್ದ ಹಾಗೆ ಅದರ ಗಾಜು ಟಪ್ ಅಂತ ಸೀಳಿತು. ದೇವರ ದಯೆ, ಆಗ ಕೈ ಟ್ಯಾಂಕಿನ ಒಳಗಿರಲಿಲ್ಲ. ನೀರಿಗೆ ಕೈ ಹಾಕುವ ಮೊದಲು ಎಲ್ಲಾ ಪ್ಲಗ್ ಕೀಳಿ, ಇದನ್ನಂತೂ ಮರೆಯಬೇಡಿ.

ಹೊಸ ನೀರು ತುಂಬಿಸಿದೆ. ಟ್ಯಾಂಕ್ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮಾರನೇ ದಿನ ಗೋಲ್ಡ್‌ಫಿಶ್‌ಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ನಾವು ಹಸಿವು ಅಂದುಕೊಂಡು ಇನ್ನಷ್ಟು ಕಾಳು ಹಾಕಿದೆವು. ಅದು ಹಸಿವಲ್ಲ, ಉಸಿರು ಕಟ್ಟುತ್ತಿದ್ದದ್ದು. ಹತ್ತಿರದಿಂದ ನೋಡಿದಾಗ ಬಾಲದ ಮೇಲೆ ದಾರದಷ್ಟು ಸಣ್ಣ ಕೆಂಪು ಗೆರೆಗಳು ಕಾಣಿಸಿದವು. ರಾತ್ರಿ ಜಿಲೇಬಿ ಹೋಯಿತು. ಬೆಳಿಗ್ಗೆ ಕೇಸರಿ. ನಾನೇನು ಮಾಡಿದೆ ಹೇಳಿ? ಮತ್ತೆ ಟ್ಯಾಂಕ್ ತೊಳೆದೆ. ನೀಲಿ ಔಷಧಿ ಹಾಕಿದೆ. ವಾರದೊಳಗೆ ಕಿತ್ತಳೆ, ಪುಟ್ಟಿ, ಎರಡೂ ಏಂಜಲ್ ಮುಗಿದವು. ಮಗಳಿಗೆ ಜ್ವರ ಬರುವಷ್ಟು ಅಳು. ಅದಕ್ಕೇ ಹೋಗಿ ಐದು ಮೋಲಿ ಮೀನು ತಂದೆ. ಅವಕ್ಕೆ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ ಬಂತು, ಅವೂ ಹೋದವು. ಐದು ವಾರಕ್ಕೆ ಹನ್ನೊಂದು. ಸಕ್ಕರ್ ಮಾತ್ರ ಗಾಜಿಗೆ ಅಂಟಿಕೊಂಡು ಬದುಕಿತ್ತು.

ಮೇಲಿನ ಮನೆಯಲ್ಲಿ ರಿಟೈರ್ ಆದ ಅಂಕಲ್ ಒಬ್ಬರಿದ್ದಾರೆ, ಅವರ ಮನೆಯಲ್ಲಿ ಹಳೇ ಟ್ಯಾಂಕ್ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮಗಳು ಅಳುವುದು ಕೇಳಿ ಕೆಳಗೆ ಬಂದರು. ನನ್ನ ಟ್ಯಾಂಕ್ ನೋಡಿ, "ತುಂಬಾ ಕ್ಲೀನಾಗಿದೆ ಕಣಪ್ಪಾ, ಅದೇ ಪ್ರಾಬ್ಲಂ" ಅಂದರು. ಆಮೇಲೆ ಒಂದು ಟೆಸ್ಟ್ ಕಿಟ್ ತಂದು, ಸಣ್ಣ ಗಾಜಿನ ಟ್ಯೂಬಿಗೆ ಟ್ಯಾಂಕ್ ನೀರು ತುಂಬಿ, ಎರಡು ಬಾಟಲಿಯಿಂದ ಹನಿ ಹಾಕಿ ಅಲ್ಲಾಡಿಸಿದರು. ಐದು ನಿಮಿಷ. ನೀರಿನಲ್ಲಿ ಅಮೋನಿಯಾ ಅನ್ನುವ ವಿಷ ಇಲ್ಲದಿದ್ದರೆ ಅದು ಹಳದಿಯಾಗೇ ಉಳಿಯಬೇಕಂತೆ. ನಮ್ಮದು ಪಾಲಕ್ ರುಬ್ಬಿದ ಹಾಗೆ ಗಾಢ ಹಸಿರು.

ವಿಷಯ ಇಷ್ಟು. ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಹೇಲಿನಿಂದಲೂ ಬರುತ್ತದೆ, ತಿನ್ನದೆ ಕೊಳೆತ ಕಾಳಿನಿಂದಲೂ ಬರುತ್ತದೆ. ಕೆರೆಯಲ್ಲಿ ಅದು ಕರಗಿ ಹೋಗುತ್ತದೆ, ಎರಡಡಿ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅದನ್ನು ತಿನ್ನುವ ಒಂದು ಜಾತಿ ಬ್ಯಾಕ್ಟೀರಿಯಾ ಇದೆ, ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರಲಾಗದ ಹಾಗೆ ಮಾಡುತ್ತದೆ. ಅದನ್ನು ಇನ್ನೊಂದು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತದೆ, ಅದರಿಂದ ಅಷ್ಟು ತೊಂದರೆ ಇಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಎರಡೂ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿನಲ್ಲಿ ಇರುವುದಿಲ್ಲ. ಬೆಳೆಯುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅವು ಇರುವುದು ನೀರಿನಲ್ಲಿ ಅಲ್ಲ, ಫಿಲ್ಟರ್ ಸ್ಪಂಜಿನಲ್ಲಿ, ಕಲ್ಲಿನ ಮೇಲೆ, ಗಾಜಿಗೆ ಅಂಟಿದ ಲೋಳೆಯಲ್ಲಿ. ಅಂದರೆ ನಾನು ವಿಮ್ ಹಾಕಿ ತಿಕ್ಕಿ ತೆಗೆದಿದ್ದೆನಲ್ಲ, ಅಲ್ಲೇ. ಪ್ರತಿ ಸಲ ಅವು ಹುಟ್ಟುವ ಹೊತ್ತಿಗೆ ಸರಿಯಾಗಿ ಹೋಗಿ ಸಾಯಿಸಿ ಬರುತ್ತಿದ್ದೆ. ನಲ್ಲಿ ನೀರಿನ ಕ್ಲೋರಿನ್ನೂ ಅವನ್ನು ಕೊಲ್ಲುತ್ತದೆ, ನೀಲಿ ಔಷಧಿಯೂ ಬಿಡುವುದಿಲ್ಲ. ಆ್ಯಂಟಿ ಕ್ಲೋರಿನ್ ಹನಿ ಕ್ಲೋರಿನ್ ತೆಗೆಯುತ್ತದೆ, ಅಮೋನಿಯಾವನ್ನು ಮುಟ್ಟುವುದೂ ಇಲ್ಲ.

ಮೂರನೇ ದಿನ ನೀರು ಬೆಳ್ಳಗಾಗಿತ್ತಲ್ಲ, ಹೊಸ ಟ್ಯಾಂಕಿನಲ್ಲಿ ಅದು ಮಾಮೂಲಂತೆ. ಸುಮ್ನೆ ಬಿಟ್ಟಿದ್ದರೆ ತಾನಾಗೇ ತಿಳಿಯಾಗುತ್ತಿತ್ತು.

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಮ್ಮ ಮನೆಗೆ ಒಂದು ದಿನ ಕಾವೇರಿ, ಒಂದು ದಿನ ಬೋರ್‌ವೆಲ್. ಬೋರ್ ನೀರು ಗಡಸು, ಗೀಸರ್ ಒಳಗೆಲ್ಲ ಸುಣ್ಣ ಕಟ್ಟಿಸುವ ನೀರು. ಅಂಕಲ್ ಟೆಸ್ಟ್ ಮಾಡಿದಾಗ ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅಂತ ಹೇಳುವ ಅಳತೆ, 8ರ ಮೇಲೆ ಬಂತು. ಪಿಎಚ್ 7 ಇರುವ ನೀರಿಗಿಂತ 8 ಇರುವ ನೀರಿನಲ್ಲಿ ಅಷ್ಟೇ ಅಮೋನಿಯಾ ಸುಮಾರು ಹತ್ತು ಪಟ್ಟು ಜಾಸ್ತಿ ವಿಷವಾಗುತ್ತದೆ. ಅದರ ಮೇಲೆ ಆ ವರ್ಷ ಮಾರ್ಚ್‌ನಲ್ಲಿ ನೀರಿನ ಗತಿ ಹೇಗಿತ್ತು ಅಂತ ಎಲ್ಲರಿಗೂ ನೆನಪಿದೆ, ಬೋರ್ ಬತ್ತಿ ಎಲ್ಲರ ಮನೆ ಮುಂದೆ ಟ್ಯಾಂಕರ್. ಟ್ಯಾಂಕರ್ ನೀರು ಇವತ್ತು ಒಂದು ಕಡೆಯದು, ನಾಳೆ ಇನ್ನೊಂದು ಕಡೆಯದು. ಮೂರು ಕೊಡ ಒಟ್ಟಿಗೆ ಸುರಿದರೆ ಗಟ್ಟಿಮುಟ್ಟಾದ ಮೀನೂ ತತ್ತರಿಸುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವೇ ಬದಲಿಸಬೇಕು.

ಇನ್ನು ಆ ಕಾಂಬೋ. ಗೋಲ್ಡ್‌ಫಿಶ್‌ಗೆ ತಣ್ಣನೆ ನೀರು ಇಷ್ಟ, ಏಂಜಲ್‌ಗೆ ಬೆಚ್ಚಗಿರಬೇಕು. ಒಬ್ಬರಿಗೆ ಫ್ಯಾನ್, ಒಬ್ಬರಿಗೆ ಕಂಬಳಿ ಬೇಕಾದಾಗ ಇಬ್ಬರನ್ನೂ ಒಂದೇ ರೂಮಲ್ಲಿ ಕೂಡಿಹಾಕಿದ ಹಾಗಾಯಿತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಬಾಯಿತನಕ ತುಂಬಿದರೂ 56 ಲೀಟರ್, ಕಲ್ಲು ಗಿಲ್ಲು ಕಳೆದರೆ ನಲವತ್ತೈದು. ಗೋಲ್ಡ್‌ಫಿಶ್ ಅಂದರೆ ಗಾಜಿನ ಬೋಗುಣಿಯಲ್ಲಿ ಇಡುವ ಪುಟಾಣಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಚೆನ್ನಾಗಿ ಬೆಳೆದರೆ ಅದು ಅಂಗೈಗಿಂತ ದೊಡ್ಡದು, ಗಲೀಜೂ ಬೇಕಾದಷ್ಟು ಮಾಡುತ್ತದೆ. ನಾಲ್ಕಕ್ಕೆ ಆ ಟ್ಯಾಂಕ್ ಯಾವ ಲೆಕ್ಕಕ್ಕೂ ಸಾಲದು. ಸಕ್ಕರ್ ಕಸ ತಿಂದು ಕ್ಲೀನ್ ಮಾಡುತ್ತೆ ಅನ್ನುವುದೂ ಸುಳ್ಳು. ಪಾಚಿ ತಿನ್ನುತ್ತದೆ ನಿಜ, ಆದರೆ ತಾನೇ ದಾರದ ಉಂಡೆ ಬಿಚ್ಚಿದ ಹಾಗೆ ಹೇತು ಹಾಕುತ್ತದೆ, ಬೆಳೆದರೆ ಒಂದಡಿ ದಾಟುತ್ತದೆ.

ಹಾಂ, ಟ್ಯಾಂಕನ್ನು ನಾನು ಮೊದಲು ಚಪ್ಪಲಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೆ. ನೀರು, ಕಲ್ಲು, ಗಾಜು ಸೇರಿ ಅರವತ್ತು ಎಪ್ಪತ್ತು ಕೆಜಿ. ಪ್ಲೈವುಡ್ ನಡುವೆ ಬಾಗಿತ್ತು. ನಗಬೇಡಿ.

ಅಂಕಲ್ ಮಾಡಿಸಿದ್ದು ಹೀಗೆ. ಉಳಿದಿದ್ದ ಸಕ್ಕರನ್ನು ತಮ್ಮ ಮನೆಯ ಟಬ್ಬಿಗೆ ಹಾಕಿಕೊಂಡರು. ತಮ್ಮ ಟ್ಯಾಂಕಿನ ಫಿಲ್ಟರಿನ ಸ್ಪಂಜನ್ನು ತಂದು ನನ್ನ ಟ್ಯಾಂಕಿನ ನೀರಿನಲ್ಲೇ ಹಿಂಡಿದರು. ಫಿಲ್ಟರ್ ಕಾಫಿಯ ಡಿಕಾಕ್ಷನ್ ಇಳಿದ ಹಾಗೆ ಕಂದು ನೀರು ಇಳಿಯಿತು, ನನಗೆ ಹೊಟ್ಟೆ ತೊಳಸಿತು. "ಇದೇ ಕಣಪ್ಪಾ ನೀನು ವಿಮ್ ಹಾಕಿ ತೊಳೆದಿದ್ದು" ಅಂದರು. ಅರ್ಧ ಸ್ಪಂಜು ಕತ್ತರಿಸಿ ನನ್ನ ಫಿಲ್ಟರಿಗೆ ತುರುಕಿದರು. ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಕಾಳು ಹಾಕು, ಅದು ಕೊಳೆತು ಅಮೋನಿಯಾ ಆಗಲಿ, ಬ್ಯಾಕ್ಟೀರಿಯಾಕ್ಕೆ ಅದೇ ಊಟ ಅಂದರು. ಖಾಲಿ ಟ್ಯಾಂಕಿಗೆ ದಿನಾ ಕಾಳು ಹಾಕುವುದನ್ನು ನೋಡಿ ನನ್ನ ಹೆಂಡತಿ, "ರೀ, ಯಾರಿಗೆ ತಿಥಿ?" ಅಂದಳು.

ಅವರ ಸ್ಪಂಜಿನ ದಯೆಯಿಂದ ಮೂರು ವಾರಕ್ಕೇ ಆಯಿತು. ಅಮೋನಿಯಾ ಮೊದಲು ಏರಿತು, ಇಳಿಯಿತು. ಆಮೇಲೆ ನೈಟ್ರೈಟ್ ಏರಿತು, ಇಳಿಯಿತು. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಾಣಿಸಿಕೊಂಡ ಮೇಲೆ ನಾಲ್ಕು ಗಪ್ಪಿ ತಂದೆವು, ನಾಲ್ಕೇ. ಗಡಸು ನೀರು ಗಪ್ಪಿಗೆ ಒಗ್ಗುತ್ತದೆ, ನಮ್ಮ ಬೋರ್ ನೀರಿನ ಜೊತೆ ಜಗಳ ಇಲ್ಲ. ಈಗ ಎಷ್ಟಿವೆ ಅಂತ ಎಣಿಸುವುದು ಬಿಟ್ಟಿದ್ದೇವೆ, ಗಪ್ಪಿ ಎಷ್ಟು ಬೇಗ ಮರಿ ಹಾಕುತ್ತವೆ ಅಂತ ಸಾಕಿದವರಿಗೆ ಗೊತ್ತು. ಸಂಜೆ ಲೈಟ್ ಹಾಕಿದರೆ ಅಮ್ಮ ಸೀರಿಯಲ್ ಬಿಟ್ಟು ಇದನ್ನೇ ನೋಡುತ್ತಾ ಕೂರುತ್ತಾರೆ.

ನೀವು ಈಗಾಗಲೇ ಟ್ಯಾಂಕೂ ಮೀನೂ ಒಟ್ಟಿಗೆ ತಂದು ಕೂತಿದ್ದರೆ ಗಾಬರಿ ಬೇಡ. ಕಾಳು ಎರಡು ದಿನಕ್ಕೊಮ್ಮೆ, ಅದೂ ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ದಿನಾ ನಾಲ್ಕನೇ ಒಂದು ಭಾಗ ನೀರು ತೆಗೆದು, ಆ್ಯಂಟಿ ಕ್ಲೋರಿನ್ ಹಾಕಿಟ್ಟ ನೀರನ್ನು ಮಗ್ಗಿನಲ್ಲಿ ನಿಧಾನ ಸುರಿಯಿರಿ. ಫಿಲ್ಟರ್ ರಾತ್ರಿಯೂ ಓಡುತ್ತಿರಲಿ, ಸದ್ದು ಅಂತ ಆಫ್ ಮಾಡಬೇಡಿ. ಸ್ಪಂಜು ಕಟ್ಟಿಕೊಂಡರೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಒಂದೆರಡು ಸಲ ಹಿಂಡಿ, ನಲ್ಲಿ ಕೆಳಗೆ ಹಿಡಿಯಬೇಡಿ. ಹೊಸ ಮೀನು ಸದ್ಯಕ್ಕೆ ಬೇಡವೇ ಬೇಡ. ಅಕ್ಕಪಕ್ಕದಲ್ಲಿ ಯಾರಾದರೂ ಹಳೇ ಟ್ಯಾಂಕ್ ಇಟ್ಟಿದ್ದಾರಾ ವಿಚಾರಿಸಿ, ಅವರ ಗಲೀಜು ಸ್ಪಂಜಿನ ಒಂದು ತುಂಡು ಸಾವಿರ ರೂಪಾಯಿ ಔಷಧಿಗಿಂತ ಮೇಲು. ಅವರ ಮೀನು ಆರೋಗ್ಯವಾಗಿವೆಯಾ ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ರೋಗವೂ ಜೊತೆಗೇ ಬರುತ್ತದೆ.

ಸಕ್ಕರ್ ಕಥೆ ಬಾಕಿ ಇದೆ. ಅದನ್ನು ಕೆರೆಗೆ ಬಿಟ್ಟು ಬಾ, ಪುಣ್ಯ ಬರುತ್ತೆ ಅಂತ ಅಮ್ಮ ಹೇಳಿದರು. ಕವರಿಗೆ ಹಾಕಿಕೊಂಡು ಹೊರಟೂ ಬಿಟ್ಟಿದ್ದೆ. ಅಂಕಲ್ ಗೇಟಿನ ಹತ್ತಿರ ತಡೆದರು. ಇದು ದಕ್ಷಿಣ ಅಮೆರಿಕದ ಮೀನು, ಮೈಯೆಲ್ಲ ಗಟ್ಟಿ ಕವಚ, ಇಲ್ಲಿ ಇದನ್ನು ತಿನ್ನುವವರು ಕಡಿಮೆ. ಆಂಧ್ರದ ಕಡೆ ಹೀಗೇ ಕೆರೆ ಕಾಲುವೆ ಸೇರಿ ಹೆಚ್ಚಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ.

ಹಾಗಾಗಿ ಅಂಗಡಿಗೇ ವಾಪಸ್ ಕೊಡಲು ಹೋದೆ. ದುಡ್ಡು ಕೊಡಲ್ಲ ಅಂದರು, ಬೇಡ ಅಂದೆ. ಮೀನು ಅದೇ ದಿನ ಯಾಕೆ ಕೊಟ್ಟಿರಿ ಅಂತ ಕೇಳಿದ್ದಕ್ಕೆ ಅವರು ಸ್ವಲ್ಪವೂ ಬೇಜಾರಿಲ್ಲದೆ, "ಒಂದು ತಿಂಗಳು ಖಾಲಿ ಟ್ಯಾಂಕ್ ನೋಡ್ಕೊಂಡಿರಿ ಅಂದ್ರೆ ಯಾರು ತಗೋತಾರೆ ಸಾರ್?" ಅಂದರು. ಪಕ್ಕದಲ್ಲೇ ಗಂಡ ಹೆಂಡತಿ, ಐದಾರು ವರ್ಷದ ಹುಡುಗ. ಎರಡಡಿ ಟ್ಯಾಂಕ್ ಪ್ಯಾಕ್ ಆಗುತ್ತಿತ್ತು. ನಾನು ಆ ಅಪ್ಪನನ್ನು ಪಕ್ಕಕ್ಕೆ ಕರೆದು, ಸಾರ್, ಟ್ಯಾಂಕ್ ಇವತ್ತು ತಗೊಳ್ಳಿ, ಮೀನು ಮುಂದಿನ ತಿಂಗಳು ತಗೊಳ್ಳಿ ಅಂದೆ. ಅವರು ಮಗನ ಕಡೆ ನೋಡಿದರು. ಹುಡುಗ ಅಷ್ಟರಲ್ಲಾಗಲೇ ಕವರನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ಇಟ್ಟುಕೊಂಡಿದ್ದ. ಒಳಗೆ ನಾಲ್ಕು ಗೋಲ್ಡ್‌ಫಿಶ್.