ಸಮುದ್ರದ ಸುಳಿ ನಕ್ಷೆಗೆ ದುಡ್ಡು ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ನಿನ್ನೆ ಶಿರಾದಿಂದ ಒಬ್ಬರು ಫೋನ್ ಮಾಡಿದ್ದರು. "ಅಣ್ಣಾ, ಟ್ಯೂನಾ ಬೋಟಿಗೆ ದುಡ್ಡು ಹಾಕೋ ಸ್ಕೀಮ್ ಬಂದಿದೆ. ನೀವು ಹಾಕಿದ್ರಂತಲ್ಲ, ಹೆಂಗಿದೆ?" ಅಂದರು. ನಿಮಗೆ ಬಂದ ನಕ್ಷೆ ಕಳಿಸಿ ಅಂದೆ. ಕಳಿಸಿದರು. ನೋಡಿದ ತಕ್ಷಣ ಮೈ ಉರಿಯಿತು. ಇಷ್ಟು ದಿನ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ. ಯಾರು ನಕ್ಕರೂ ಸರಿ, ಬರೆಯುತ್ತಿದ್ದೇನೆ.

ನಾವು ನಾಲ್ಕು ಜನ, ತುಮಕೂರಿನವರು. ಎರಡು ವರ್ಷ ಕೆರೆ ಮೀನಿನ ಟೆಂಡರ್ ಹಿಡಿದಿದ್ದೆವು. ಕಟ್ಲಾ, ರೋಹು ಮರಿ ಬಿಟ್ಟು, ರಾತ್ರಿ ಕಾವಲು ಕಾದು ನಾಲ್ಕು ಕಾಸು ನೋಡಿದ್ದೆವು. ಅಷ್ಟಕ್ಕೇ ಮೀನಿನ ವ್ಯಾಪಾರವೆಲ್ಲ ಗೊತ್ತು ಅನ್ನೋ ಧಿಮಾಕು ಬಂದಿತ್ತು. ಆಗ ಬೆಂಗಳೂರಿನ ಒಬ್ಬ ಸಲಹೆಗಾರ ಗಂಟು ಬಿದ್ದ. ಹೆಸರು ಹಾಕುವುದಿಲ್ಲ. ಲ್ಯಾಪ್‌ಟಾಪ್, ಇಸ್ತ್ರಿ ಶರ್ಟು, ಮಾತಿಗೊಂದು ಸ್ಯಾಟಲೈಟ್.

ಅವನು ಹೇಳಿದ್ದು ಇಷ್ಟು. ಆಳ ಸಮುದ್ರದಲ್ಲಿ ನೂರಾರು ಕಿಲೋಮೀಟರ್ ಅಗಲದ ಸುಳಿಗಳು ಇರುತ್ತವೆ. ಹೊಳೆ ಸುಳಿಯ ಹಾಗೆ ಎಳೆದು ಮುಳುಗಿಸುವುದಿಲ್ಲ. ನಿಧಾನಕ್ಕೆ ತಿರುಗುವ ನೀರು, ವಾರಗಟ್ಟಲೆ, ತಿಂಗಳುಗಟ್ಟಲೆ ಇರುತ್ತದೆ. ಒಂದು ಜಾತಿಯದು ಕೆಳಗಿನ ತಣ್ಣೀರನ್ನು ಮೇಲಕ್ಕೆ ತರುತ್ತದೆ. ಅದರ ಜೊತೆ ಗೊಬ್ಬರದಂಥ ಸತ್ವ ಬರುತ್ತದೆ, ಪಾಚಿ ಬೆಳೆಯುತ್ತದೆ, ಸಣ್ಣ ಮೀನು ಸೇರುತ್ತದೆ. ಇನ್ನೊಂದು ಜಾತಿಯದು ಬೆಚ್ಚನೆ ನೀರನ್ನು ಕೆಳಕ್ಕೆ ಒತ್ತುತ್ತದೆ. ಇವುಗಳ ಅಂಚಿನಲ್ಲಿ ಟ್ಯೂನಾ ಬೇಟೆಗೆ ಬರುತ್ತದೆ. ಸುಳಿ ಇರುವ ಕಡೆ ಸಮುದ್ರದ ಮಟ್ಟ ಕೆಲವು ಸೆಂಟಿಮೀಟರ್ ಏರಿರುತ್ತದೆ, ಇಲ್ಲ ಇಳಿದಿರುತ್ತದೆ. ಅದನ್ನು ಉಪಗ್ರಹ ಅಳೆಯುತ್ತದೆ.

ಇದೆಲ್ಲ ನಿಜ. ಆಮೇಲೆ ಓದಿ ನೋಡಿದೆ, ಪೂರ್ತಿ ನಿಜ. ಅದರಿಂದಲೇ ಬಿದ್ದೆ ನಾನು. ಬರೀ ಸುಳ್ಳು ಹೇಳಿದ್ದರೆ ಎದ್ದು ಬರುತ್ತಿದ್ದೆ.

ತಲಾ ಒಂದು ಕಾಲು ಲಕ್ಷ ಹಾಕಿದೆವು. ಒಟ್ಟು ಐದು ಲಕ್ಷ. ಅದರಲ್ಲಿ 80,000 ಇವನ 'ಸುಳಿ ಮುನ್ಸೂಚನೆ'ಗೆ, ಮುಂಗಡವಾಗಿ. ಉಳಿದದ್ದು ಮಲ್ಪೆಯಲ್ಲಿ ಮಾತಾಡಿದ ಬೋಟಿನ ಡೀಸೆಲ್, ಐಸ್, ರೇಷನ್, ಹುಡುಗರ ಭತ್ಯೆಗೆ. ಡಿಸೆಂಬರ್ 18ಕ್ಕೆ ಮೊದಲ ನಕ್ಷೆ ಬಂತು. ಮಲ್ಪೆಯಿಂದ ಸುಮಾರು 110 ನಾಟಿಕಲ್ ಮೈಲಿ ಆಚೆ ಕೆಂಪು ಬಣ್ಣದ ದೊಡ್ಡ ಸುಳಿ. ಎಡಗಡೆ ಕೋಳಿ ಕೊಕ್ಕಿನ ಹಾಗೆ ಒಂದು ಚಾಚು. "ಈ ಕೊಕ್ಕಿನಲ್ಲೇ ಮೀನು ಸರ್, ಬರೆದಿಟ್ಟುಕೊಳ್ಳಿ" ಅಂದ. ಬರೆದಿಟ್ಟುಕೊಂಡೆ. ನಿಜವಾಗಲೂ ಡೈರಿಯಲ್ಲಿ ಬರೆದಿದ್ದೇನೆ!

ಇನ್ನೊಂದು ದಡ್ಡತನ ಕೇಳಿ. ದಿನಾ ಅಪ್‌ಡೇಟ್ ಕೊಡ್ತೀನಿ ಅಂತ ಅದಕ್ಕೂ ಸೇರಿಸಿ ದುಡ್ಡು ತಗೊಂಡಿದ್ದ. ಇನ್ನೂರು ಕಿಲೋಮೀಟರ್ ಆಚೆ ಇರುವ ಬೋಟಿಗೆ ವಾಟ್ಸಾಪ್ ಹೋಗುತ್ತಾ? ಟವರ್ ಎಲ್ಲಿಂದ ಬರಬೇಕು? ಅಪ್‌ಡೇಟ್ ಎಲ್ಲ ನನ್ನ ಫೋನಿಗೆ ಬರುತ್ತಿತ್ತು, ತುಮಕೂರಿನ ಮನೆಗೆ. ನಾನು ಅದನ್ನು ನೋಡಿ ಖುಷಿ ಪಡುತ್ತಿದ್ದೆ.

ಬೋಟ್ ಹೊರಟಿದ್ದು ಜನವರಿ 3ಕ್ಕೆ. ಹೊರಡುವ ಮುಂಚೆ ಹೊಸ ನಕ್ಷೆ ಕಳಿಸಿದ. ಹನ್ನೊಂದು ದಿನಕ್ಕೆ ವಾಪಸ್ ಬಂತು. ನಾವು ನಾಲ್ವರೂ ಕಾರು ಮಾಡಿಕೊಂಡು ಮಲ್ಪೆಗೆ ಹೋಗಿದ್ದೆವು, ಹಾರ ಒಂದು ತಗೊಂಡು ಹೋಗಿಲ್ಲ ಅಷ್ಟೇ. ಟ್ಯೂನಾ ಇನ್ನೂರು ಕಿಲೋ ದಾಟಲಿಲ್ಲ. ಬೇರೆ ಮೀನೂ ಸೇರಿ ಮಾರಿದ್ದು 1,40,000ಕ್ಕೆ.

ಬೋಟ್ ನಡೆಸುವ ತಾಂಡೇಲರು ವಯಸ್ಸಾದವರು. ಬೈಯಲಿಲ್ಲ. ನನ್ನ ನಕ್ಷೆ ಇಸ್ಕೊಂಡು ನೋಡಿ, "ಎಂತ ಮಾರಾಯ್ರೇ, ಇದಕ್ಕೆ ದುಡ್ಡು ಕೊಟ್ಟದ್ದಾ?" ಅಂದರು. ಅವರ ಫೋನ್ ತೋರಿಸಿದರು. ಹೈದರಾಬಾದಿನಲ್ಲಿ ಇನ್‌ಕಾಯ್ಸ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ನೀರಿನ ಬಿಸಿ, ಪಾಚಿಯ ಬಣ್ಣ ಉಪಗ್ರಹದಿಂದ ನೋಡಿ, ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ ಅಂತ ಮೀನುಗಾರರಿಗೆ ಹೇಳುತ್ತಾರೆ. ಕನ್ನಡದಲ್ಲಿ. ಪುಕ್ಕಟೆ. ಟ್ಯೂನಾಗೆ ಬೇರೆಯೇ ಸೂಚನೆ ಇದೆ. ಜೆಟ್ಟಿ ಮೇಲೆ ನಿಂತು ನನ್ನ 80,000 ಲೆಕ್ಕ ಹಾಕಿದೆ.

ಆ ರಾತ್ರಿ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ. ಸುಮ್ನೆ ಎರಡು ನಕ್ಷೆ ತೆಗೆದೆ. ಡಿಸೆಂಬರ್ 18ರದ್ದು, ಜನವರಿ 3ರದ್ದು. ಕೊಕ್ಕು ನೋಡಿದೆ. ಇನ್ನೊಂದು ಸಲ ನೋಡಿದೆ. ಎರಡರಲ್ಲೂ ಅದೇ ಕೊಕ್ಕು. ಅದೇ ಜಾಗ, ಅದೇ ಉದ್ದ, ಅದೇ ಬಾಗು. ಸುಳಿ ಅನ್ನೋದು ನಿಂತಲ್ಲಿ ನಿಲ್ಲೋದಲ್ಲ, ದಿನಕ್ಕೆ ಕೆಲವು ಕಿಲೋಮೀಟರ್ ಸರಿಯುತ್ತದೆ, ಆಕಾರ ಬದಲಿಸುತ್ತದೆ. ಇದನ್ನು ನಮಗೆ ಹೇಳಿಕೊಟ್ಟವನೇ ಅವನು! ಹದಿನಾರು ದಿನ ಒಂದು ಕೂದಲೆಳೆ ಕದಲಿಲ್ಲ ಅದು. ಹಿಗ್ಗಿಸಿ ನೋಡಿದರೆ ಮೂಲೆಯಲ್ಲಿ ಅರ್ಧ ಅಳಿಸಿದ ಅಕ್ಷರ. ಸಮುದ್ರದ ಮಾಹಿತಿ ಕೊಡುವ ಯುರೋಪಿನ ಕೊಪರ್ನಿಕಸ್ ಸೇವೆಯದು. ಅಲ್ಲೂ ಹೆಸರು ನೋಂದಾಯಿಸಿದರೆ ಹತ್ತು ದಿನದ ಮುನ್ಸೂಚನೆ ಪುಕ್ಕಟೆ ಸಿಗುತ್ತದೆ.

ಬೆಳಿಗ್ಗೆ ಆರಕ್ಕೇ ಆ ಸಲಹೆಗಾರನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹತ್ತು ಗಂಟೆಗೆ ಮೆಸೇಜ್ ಬಂತು. "ಸರ್, ನಾವು ಸುಳಿಗೆ ಗ್ಯಾರಂಟಿ ಕೊಟ್ಟಿದ್ದು, ಮೀನಿಗಲ್ಲ." ಎರಡೂ ನಕ್ಷೆ ಒಂದೇ ಇದೆಯಲ್ಲ ಅಂತ ಕೇಳಿದೆ. "ಸ್ಟೇಬಲ್ ಎಡ್ಡಿ ಸರ್, ಅಪರೂಪಕ್ಕೆ ಹಾಗಾಗುತ್ತೆ." ಎಡ್ಡಿ ಅಂದರೆ ಇದೇ ಸುಳಿ. ಅಪರೂಪಕ್ಕಂತೆ! ಆಮೇಲೆ, "ನಿಮ್ಮ ಬೋಟಿನವರು ಅಂಚಿಗೆ ಹೋಗಿಲ್ಲ, ಒಳಗೆ ಹೋಗಿದ್ದಾರೆ." ಬೋರ್‌ವೆಲ್ ಪಾಯಿಂಟ್ ತೋರಿಸುವವರು ನೀರು ಬರದಿದ್ದರೆ ಇನ್ನೂ ನೂರಡಿ ಇಳಿಸಿ ಅಂತಾರಲ್ಲ, ಅದೇ ರಾಗ. ಕೊನೆಗೆ ಬಂದಿದ್ದು ಇದು: "ಪ್ರೀಮಿಯಂ ತಗೊಂಡಿದ್ರೆ ಆಳದ ಮಾಹಿತಿ ಬರ್ತಿತ್ತು. ಈಗಲೂ ತಗೋಬಹುದು, ಹಳೆ ಗಿರಾಕಿಗೆ ಡಿಸ್ಕೌಂಟ್ ಇದೆ." ಇದನ್ನು ನನ್ನ ಹೆಂಡತಿ ಓದಿ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

ಲಕ್ಷದ್ವೀಪದ ಹತ್ತಿರ ಚಳಿಗಾಲದಲ್ಲಿ ದೊಡ್ಡ ಬೆಚ್ಚನೆ ಸುಳಿ ಏಳುತ್ತೆ, ಅದನ್ನು ನಾನೇ ಪತ್ತೆ ಹಚ್ಚಿದ್ದು ಅಂತಲೂ ಕೊಚ್ಚಿಕೊಂಡಿದ್ದ. ಅದು ಪ್ರತಿ ವರ್ಷ ಬರುವಂಥದ್ದು. ಗೋವಾದ ವಿಜ್ಞಾನಿಗಳು 1997ರಲ್ಲೇ ಅದರ ಬಗ್ಗೆ ಬರೆದಿದ್ದಾರೆ. ಸಂಕ್ರಾಂತಿ ಜನವರಿಯಲ್ಲಿ ಬರುತ್ತೆ ಅಂತ ಹೇಳೋಕೆ ದುಡ್ಡು ತಗೊಂಡ ಹಾಗಾಯಿತು.

ತಲಾ 90,000 ಹೋಯಿತು. ಊರಿಗೆ ಬಂದು ಅಪ್ಪನಿಗೆ ಹೇಳಲೇಬೇಕಾಯಿತು. ಅಪ್ಪ ಸಿದ್ದಗಂಗೆ ಜಾತ್ರೆಯಲ್ಲಿ ನಲವತ್ತು ವರ್ಷ ಎತ್ತು ಕೊಂಡವರು. ಎತ್ತಿನ ಮೈಮೇಲಿನ ಸುಳಿ ನೋಡಿ ವ್ಯಾಪಾರ ಕುದುರಿಸುವವರು. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದರು. "ನಾವು ಸುಳಿ ನೋಡೋಕೆ ಮುಂಚೆ ಬಾಯಿ ಬಿಡಿಸಿ ಹಲ್ಲು ನೋಡ್ತಿದ್ವಿ ಕಣೋ."

ಆದ್ದರಿಂದ ನಕ್ಷೆ ಕೊಟ್ಟರೆ ಹಿಂದಿನ ತಿಂಗಳಿನದೂ ಕೇಳಿ, ಪಕ್ಕಪಕ್ಕ ಇಟ್ಟು ನೋಡಿ. ಇನ್‌ಕಾಯ್ಸ್ ಸೂಚನೆ ನೀವೇ ತೆಗೆದು ನೋಡಿ. ದುಡ್ಡು ಕೊಡುವ ಮುಂಚೆ ತಾಂಡೇಲರ ಹತ್ತಿರ ಒಂದು ಮಾತು ಕೇಳಿ, ನಾನು ಕೇಳಲಿಲ್ಲ. ಮುಂಗಡ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಗ್ರಾಹಕರ ಆಯೋಗಕ್ಕೆ ದೂರು ಕೊಡೋಣ ಅಂದರೆ ನಮ್ಮಲ್ಲೇ ಇಬ್ಬರು ಮಾನ ಹೋಗುತ್ತೆ ಅಂತ ಹಿಂದೆ ಸರಿದಿದ್ದಾರೆ. ಇನ್ನೇನು ಉಳಿದಿದೆ ಮಾನ?

ಶಿರಾದವರಿಗೆ ಬಂದ ನಕ್ಷೆ ಈಗಲೂ ನನ್ನ ಫೋನಿನಲ್ಲಿದೆ. ಕೆಳಗೆ ಹೋದ ವಾರದ ತಾರೀಖು ಹಾಕಿದ್ದಾನೆ. ಕೊಕ್ಕು ಅಲ್ಲೇ ಇದೆ.