ಹಿಂಬಾಗಿಲಿನ ಫೋಮ್ ಸೀಲ್: ವರ್ಷಗಟ್ಟಲೆ ಬಳಸಿದ ಮೇಲೆ

1970ರ ದಶಕದ ನನ್ನ 35 ಎಂಎಂ ಕಾಂಪ್ಯಾಕ್ಟ್ ಫಿಲ್ಮ್ ಕ್ಯಾಮೆರಾದ ಹಿಂಬಾಗಿಲಿಗೆ, ಬೆಳಕು ಒಳಗೆ ಸೋರದ ಹಾಗೆ, ಅಂಟು ಬೆನ್ನಿನ ಕಪ್ಪು ಫೋಮ್ ಪಟ್ಟಿ ಹಾಕಿ ಕೆಲವು ವರ್ಷಗಳೇ ಆದವು. ಆಮೇಲೆ ಎಷ್ಟೋ ರೋಲ್ ಮುಗಿಸಿದ್ದೇನೆ, ಬೆಳಕು ಸೋರಿಲ್ಲ. ಫೋಮ್ ಬಗ್ಗೆ ದೂರೇನೂ ಇಲ್ಲ. ಆದರೆ ಅದನ್ನು ಕೊಳ್ಳುವ ಮೊದಲು ಬೆಳಕು ಎಲ್ಲಿಂದ ನುಗ್ಗುತ್ತಿದೆ ಅಂತ ಪತ್ತೆ ಮಾಡಿಕೊಳ್ಳಿ. ಇಲ್ಲದಿದ್ದರೆ ಎಂಥ ಒಳ್ಳೆ ಫೋಮ್ ಹಾಕಿದರೂ ದಂಡ.

ನನ್ನ ಫೋಟೊಗಳಲ್ಲಿ ಕಿತ್ತಳೆ ಬಣ್ಣದ ಪಟ್ಟೆ ಬರುತ್ತಿತ್ತು. ಇಂಥ ಹೊತ್ತಲ್ಲಿ ಸ್ಕ್ಯಾನ್ ಬಿಟ್ಟು ನೆಗೆಟಿವ್ ಕೈಗೆತ್ತಿಕೊಳ್ಳಬೇಕು. ಸ್ಕ್ಯಾನ್ ಮಾಡುವಾಗ ಅಂಚು ಹೋಗಿಬಿಡುತ್ತದೆ, ಸುಳಿವು ಇರುವುದೇ ಅಲ್ಲಿ. ಬೆಳಕು ಬಿದ್ದ ಜಾಗ ನೆಗೆಟಿವ್‌ನಲ್ಲಿ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಚಿತ್ರದ 24×36 ಮಿ.ಮೀ. ಚೌಕಟ್ಟು ದಾಟಿ ಫಿಲ್ಮ್ ಅಂಚಿನ ಸ್ಪ್ರಾಕೆಟ್ ತೂತುಗಳವರೆಗೂ ಹರಡಿದ್ದರೆ ಹಿಂಬಾಗಿಲನ್ನೇ ಅನುಮಾನಿಸಿ. ಚೌಕಟ್ಟಿನೊಳಗೇ ನಿಂತಿದ್ದರೆ ತೊಂದರೆ ಶಟರ್ ಅಥವಾ ಲೆನ್ಸ್ ಕಡೆಯದು, ಅದಕ್ಕೆ ಈ ಫೋಮ್ ಮದ್ದಲ್ಲ. ರೋಲಿನ ಮೊದಲ ಒಂದೆರಡು ಫ್ರೇಮಲ್ಲಿ ಮಾತ್ರ ಇದ್ದರೆ ಬಿಸಿಲಲ್ಲಿ ಲೋಡ್ ಮಾಡಿದ್ದು ಕಾರಣವಿರಬಹುದು.

ಬಣ್ಣವೂ ಸುಳಿವು ಕೊಡುತ್ತದೆ. ಕಲರ್ ನೆಗೆಟಿವ್ ಫಿಲ್ಮ್‌ನಲ್ಲಿ ಕೆಂಪು ಬೆಳಕು ಹಿಡಿಯುವ ಪದರ ಎಲ್ಲಕ್ಕಿಂತ ಅಡಿಯಲ್ಲಿದೆ. ಹಿಂದಿನಿಂದ ನುಗ್ಗಿದ ಬೆಳಕು ಮೊದಲು ತಾಗುವುದು ಅದಕ್ಕೇ. ಹಾಗಾಗಿ ಫೋಟೊದಲ್ಲಿ ಪಟ್ಟೆ ಕೆಂಪಾಗಿ, ಕಿತ್ತಳೆಯಾಗಿ ಬರುತ್ತದೆ.

ಇನ್ನೊಂದು ವಿಷಯ. ಕ್ಯಾಮೆರಾದೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಅಲ್ವಾ? ಫೋಟೊದ ಕೆಳಗಡೆ ಪಟ್ಟೆ ಇದ್ದರೆ ಬಾಗಿಲಿನ ಅಂಚು ಕೂರುವ ಮೇಲಿನ ತೋಡು ನೋಡಬೇಕು. ಎಡಬಲವೂ ಅದಲುಬದಲು. ಅನುಮಾನ ಉಳಿದರೆ ಬಾಗಿಲಿನ ಸುತ್ತ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ. ಒಂದೊಂದೇ ಬದಿಯ ಟೇಪ್ ಬಿಚ್ಚಿ, ಪ್ರತಿ ಸಲ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಕೆಲವು ಫ್ರೇಮ್ ತೆಗೆಯಿರಿ. ಯಾವ ಫ್ರೇಮಿಗೆ ಯಾವ ಬದಿ ತೆರೆದಿತ್ತು ಅಂತ ಬರೆದಿಟ್ಟುಕೊಳ್ಳಿ. ಕತ್ತಲಲ್ಲಿ ಟಾರ್ಚ್ ಬಿಟ್ಟು ಬೆಳಕು ಸೋರುತ್ತದೆಯೇ ಅಂತ ಕಣ್ಣಲ್ಲಿ ನೋಡುವ ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಸೋರಿಕೆಯೂ ಗಂಟೆಗಟ್ಟಲೆ ಬಿಸಿಲಲ್ಲಿ ಕೂತ ಫಿಲ್ಮನ್ನು ಹಾಳು ಮಾಡುತ್ತದೆ.

ನನ್ನದರಲ್ಲಿ ಹಿಂಜ್ (ಬಾಗಿಲಿನ ಕೀಲು) ಪಕ್ಕದ ಹಳೇ ಫೋಮ್ ಕರಗಿದ ಡಾಂಬರಿನ ಹಾಗಾಗಿತ್ತು. ಬೆರಳಿಟ್ಟರೆ ಅಂಟಿಕೊಂಡು ಎಳೆಯಾಗಿ ಬರುತ್ತಿತ್ತು. ಪಾಲಿಯುರೆಥೇನ್ ಫೋಮ್ ವಯಸ್ಸಾದಂತೆ ಹೀಗೇ ಆಗುವುದು. ಅದನ್ನು ತೆಗೆಯುವುದೇ ದೊಡ್ಡ ಕೆಲಸ, ಹೊಸದು ಹಾಕುವುದು ಸುಲಭ. ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೊನೆಯಾದ ಬಿದಿರು ಕಡ್ಡಿಯಿಂದ ತೋಡು ಕೆರೆಯಬೇಕು. ಲೋಹದ ಮೊನೆ ಬೇಡ, ಕಪ್ಪು ಬಣ್ಣ ಕಿತ್ತುಹೋಗುತ್ತದೆ. ಫಿಲ್ಮ್ ಗೇಟಿಗೆ (ಫಿಲ್ಮ್ ಮೇಲೆ ಬೆಳಕು ಬೀಳುವ ಕಿಂಡಿ) ಮೊದಲೇ ಕಾಗದ ಮುಚ್ಚಿಡಿ. ಒಂದು ಚೂರು ಅಂಟು ಶಟರ್ ಎಲೆಗಳ ಮೇಲೆ ಬಿದ್ದರೂ ಅವು ಸಿಕ್ಕಿಕೊಳ್ಳುತ್ತವೆ. ಆತುರಪಡಬೇಡಿ, ಹಳೇ ಅಂಟು ಪೂರ್ತಿ ಹೋಗದಿದ್ದರೆ ಹೊಸ ಪಟ್ಟಿ ಸರಿಯಾಗಿ ಕೂರುವುದಿಲ್ಲ.

ಪಟ್ಟಿಯ ಅಂಟಿಗೆ ಸ್ವಲ್ಪ ನೀರು ಸವರಿದರೆ ತಕ್ಷಣ ಹಿಡಿಯುವುದಿಲ್ಲ, ಜಾರಿಸಿ ಜಾಗಕ್ಕೆ ಕೂರಿಸಬಹುದು. ದಪ್ಪ ಜಾಸ್ತಿ ಬೇಡ. ಬಾಗಿಲನ್ನು ಒತ್ತಿ ಹಿಡಿದು ಮುಚ್ಚಬೇಕಾಗಿ ಬಂದರೆ ಲ್ಯಾಚ್ (ಬಾಗಿಲಿನ ಚಿಲಕ) ಮೇಲೆ ಭಾರ ಬೀಳುತ್ತದೆ, ಬಾಗಿಲಿನ ಒಳಬದಿಯ ಪ್ರೆಶರ್ ಪ್ಲೇಟ್ ಕೂಡ ಫಿಲ್ಮನ್ನು ಸಮನಾಗಿ ಒತ್ತದೆ ಹೋಗಬಹುದು. ಮೇಲೆ ಕೆಳಗಿನ ಕಿರಿದಾದ ತೋಡುಗಳಿಗೆ ಕಪ್ಪು ಉಣ್ಣೆ ನೂಲು ನನಗೆ ಫೋಮ್‌ಗಿಂತ ಇಷ್ಟ. ಅದು ಕರಗಿ ಅಂಟಾಗುವುದಿಲ್ಲ. ಹಿಂಜ್ ಪಕ್ಕಕ್ಕೆ ಮಾತ್ರ ಫೋಮೇ ಬೇಕು, ಅಲ್ಲಿ ಅಗಲವಾಗಿ ಒತ್ತಿಕೊಳ್ಳುವ ವಸ್ತು ಇರಬೇಕು.

ಈಗ ಹಿಂಜ್ ಪಕ್ಕದ ಪಟ್ಟಿ ಕೊಂಚ ಚಪ್ಪಟೆಯಾಗಿದೆ, ಇನ್ನೂ ಮೆತ್ತಗಿದೆ. ಅಂಟು ಬಿಟ್ಟಿಲ್ಲ, ಪುಡಿ ಉದುರಿಲ್ಲ. 5ಕ್ಕೆ 4 ಕೊಡುತ್ತೇನೆ. ಒಂದು ಅಂಕ ಕಡಿಮೆ ಯಾಕೆಂದರೆ ಇದೂ ಫೋಮೇ, ಮುಂದೊಂದು ದಿನ ಮತ್ತೆ ಕೆರೆಯಲೇಬೇಕು.