ಬಾನು ಮುಷ್ತಾಕ್ ಕತೆಗಳಾ, ಭೈರಪ್ಪನವರ ‘ಕವಲು’ ಕಾದಂಬರಿನಾ?

ಹಾಸನದ ನಮ್ಮ ಓದುಗರ ಗುಂಪಿನಲ್ಲಿ ಒಬ್ಬರು ಕೇಳಿದರು: ಮದುವೆ, ಕಾನೂನು, ಮನೆಯೊಳಗಿನ ಜಗಳ ಎಲ್ಲಾ ಇರುವ ಪುಸ್ತಕ ಬೇಕು, ಯಾವುದು ತಗೊಳ್ಳಲಿ? ನನಗೆ ಹೊಳೆದವರು ಇಬ್ಬರೂ ನಮ್ಮ ಜಿಲ್ಲೆಯವರೇ.

ಸಮಯ ಕಡಿಮೆ ಇದ್ದರೆ ಬಾನು ಮುಷ್ತಾಕ್. ಒಂದು ಕತೆ ಒಂದು ಸಂಜೆಗೆ ಸಾಕು. ‘ಕವಲು’ (2010) ಪೂರ್ತಿ ಕಾದಂಬರಿ, ಬಿಡುವು ಬೇಕು.

ಕಾನೂನಿನ ವಿಷಯದಲ್ಲಿ ಎರಡೂ ಎದುರುಬದುರು. ಬಾನು ಅವರು ಸ್ವತಃ ವಕೀಲೆ. ‘ಕರಿನಾಗರಗಳು’ ಕತೆಯಲ್ಲಿ ಗಂಡ ಬಿಟ್ಟುಹೋದ ಹೆಂಗಸು ನ್ಯಾಯಕ್ಕಾಗಿ ಮಸೀದಿಯ ಮುಂದೆ ಕೂರುತ್ತಾಳೆ, ಕೇಳುವವರಿಲ್ಲ. ‘ಕವಲು’ವಿನಲ್ಲಿ ಮಂಗಳೆ ಕಾನೂನನ್ನೇ ಗಂಡನ ಮೇಲೆ ತಿರುಗಿಸುತ್ತಾಳೆ.

ಕತೆ ಹೇಳುವವರ ಹೊಣೆಯ ಮಾತು ಬಂದರೆ ನನಗೆ ಬಾನು ಅವರೇ ಹತ್ತಿರ. ‘ಎದೆಯ ಹಣತೆ’ಯಲ್ಲಿ ಸೀಮೆಎಣ್ಣೆ ಸುರಿದುಕೊಂಡ ಮೆಹರುನ್‌ಳನ್ನು ಮಗಳು ಸಲ್ಮಾ ತಡೆಯುತ್ತಾಳೆ. ಅಲ್ಲಿ ಲೇಖಕಿ ತೀರ್ಪು ಕೊಡುವುದಿಲ್ಲ. ‘ಕವಲು’ ಒಂದೇ ಕಡೆ ವಾಲುತ್ತದೆ ಎಂಬ ದೂರು ಆಗಲೇ ಇತ್ತು, ನನಗೂ ಹಾಗೇ ಅನ್ನಿಸಿತು. ಆದರೆ ಗುಂಪಿನಲ್ಲಿ ಬಿಸಿಬಿಸಿ ಚರ್ಚೆ ಬೇಕಿದ್ದರೆ ಅದನ್ನೇ ತಗೊಳ್ಳಿ. ಒಬ್ಬರೇ ಕೂತು ಓದುವುದಾದರೆ ಬಾನು.